ಬಾಯಮ್ಮ ಅಳೆದ ಕಾಲ್ಬೆರಳು

ನಾನೂ ಬಾಯಮ್ಮನೂ ಬ್ಯಾಂಕಾಕಿಗೆ ಹೋದಾಗ ನನಗೆ ಐವತ್ತಾರು. ಅದಾಗಿ ಹದಿನಾಲ್ಕು ವರ್ಷ. ಬಾಯಮ್ಮನಿಗೆ ಐವತ್ತೊಂಬತ್ತು ತುಂಬಿ, ನೌಕರಿ ಬಿಡಲು ಆರು ತಿಂಗಳು ಉಳಿದಿತ್ತು.

ಹೋದ ತಿಂಗಳು ಅವಳು ತೀರಿಕೊಂಡಳು. ಇಗರ್ಜಿಯಲ್ಲಿ ಮಗಳು ಇಂಗ್ಲಿಷಿನಲ್ಲಿ ಹತ್ತು ನಿಮಿಷ ಮಾತಾಡಿದಳು. ಅಮ್ಮ ಒಳ್ಳೆಯವಳು, ದುಡಿದವಳು, ಅಪ್ಪನನ್ನು ಕಡೆಯವರೆಗೆ ನೋಡಿಕೊಂಡವಳು ಎಂದಳು. ಎಲ್ಲ ಸರಿಯೇ. ಆದರೆ ಅದು ಯಾರ ಅಮ್ಮನ ಬಗ್ಗೆಯೂ ಹೇಳಬಹುದಾದ ಮಾತು. ಇಲ್ಲಿಯ ಕನ್ನಡ ಸಂಘದವರು ತಮ್ಮ ಪುಸ್ತಕಕ್ಕೆ ಅವಳ ಬಗ್ಗೆ ಎರಡು ಪುಟ ಬರೆದು ಕೊಡಿ ಎಂದು ಕೇಳಿದರು. ನಾನು ನಾಲ್ಕನೇ ಕ್ಲಾಸು ಓದಿದವಳು. ಬರೆದದ್ದು ಉದ್ದವಾದರೆ ಅವರೇ ಕತ್ತರಿಸಿಕೊಳ್ಳಲಿ.

ನಮ್ಮ ಕುಂದಾಪುರದ ಕಡೆ ಕೊಂಕಣಿ ಮಾತಾಡುವ ಕ್ರಿಸ್ತುವರ ಹೆಂಗಸಿಗೆ ಬಾಯಮ್ಮ, ಗಂಡಸಿಗೆ ಪೊರ್ಬು ಎನ್ನುತ್ತೇವೆ. ಅವಳಿಗೆ ಹೆಸರು ಇತ್ತು, ಉದ್ದದ ಹೆಸರು. ನಾನು ಒಂದು ದಿನವೂ ಆ ಹೆಸರು ಹಿಡಿದು ಕರೆದವಳಲ್ಲ. ಇಲ್ಲಿಯೂ ಬೇಡ.

ಇಬ್ಬರೂ ಇಂಗ್ಲಿಷರ ದೇಶದ ಈ ಫೆಲ್ಥಮ್‌ನವರು, ಮಧ್ಯೆ ಎರಡು ಬೀದಿ. ಇಬ್ಬರಿಗೂ ವಿಮಾನ ನಿಲ್ದಾಣದಲ್ಲಿ, ಒಂದೇ ವಿಮಾನ ಕಂಪನಿಯಲ್ಲಿ ಕೆಲಸ. ಕೆಲಸ ಎಂದರೆ ಜನ ಇಳಿದ ಮೇಲೆ ವಿಮಾನದ ಒಳಗೆ ಹೋಗಿ ಗುಡಿಸಿ ಒರೆಸುವುದು. ದೊಡ್ಡ ವಿಮಾನವಾದರೆ ಮುಕ್ಕಾಲು ಗಂಟೆಯಲ್ಲಿ ಮುಗಿಯಬೇಕು. ನನ್ನನ್ನು ಸೇರಿಸಿ ಎಂಟು ತಿಂಗಳಾದ ಮೇಲೆ ಅವಳನ್ನು ಸೇರಿಸಿದರು. ಆ ಎಂಟು ತಿಂಗಳ ಮಾತು ಮುಂದೆ ಬರುತ್ತದೆ.

ಬಾಯಮ್ಮ ಕುಳ್ಳಿ. ಸೀಟಿನ ಮೇಲಿನ ಪೆಟ್ಟಿಗೆಯ ಬಾಗಿಲು ಅವಳ ಕೈಗೆ ಎಟಕುತ್ತಿರಲಿಲ್ಲ. ಗಂಡಸರ ಕರಿ ಛತ್ರಿಯೊಂದನ್ನು ತರುತ್ತಿದ್ದಳು, ಅದರ ಕೊಕ್ಕೆ ಹಾಕಿ ಬಾಗಿಲು ಎಳೆದು ಮುಚ್ಚುತ್ತಿದ್ದಳು. ಮೇಸ್ತ್ರಿ ಒಂದು ದಿನ ಛತ್ರಿ ತರಬಾರದು ಎಂದ. ಅವಳು ಮರುದಿನ ಛತ್ರಿ ಇಲ್ಲದೆ ಬಂದಳು, ಒಂದೊಂದು ಬಾಗಿಲಿಗೂ ಅವನನ್ನೇ ಕೂಗಿ ಕರೆದಳು. ನಲವತ್ತು ಸಾಲು. ಮೂರನೇ ದಿನ ಛತ್ರಿ ತರಬಹುದು ಎಂದ.

ಸೀಟಿನ ಹಿಂದಿನ ಚೀಲದಲ್ಲಿ ಜನ ಏನೇನೋ ಬಿಟ್ಟುಹೋಗುತ್ತಾರೆ. ಸೂಜಿ, ಬ್ಲೇಡು, ಮಗುವಿನ ಕೊಳಕು ಚಡ್ಡಿ, ಒಮ್ಮೆ ಹಲ್ಲಿನ ಸೆಟ್ಟು. ಹೊಸಬರಿಗೆ ಅವಳು ಕಲಿಸುತ್ತಿದ್ದುದು ಒಂದೇ ಮಾತು. “ಕಾಣ್ದೆ ಕೈ ಹಾಕುಕಾಗ.” ನೋಡದೆ ಕೈ ಹಾಕಬಾರದು. ಕೆಲಸಕ್ಕೆ ಮಾತ್ರವಲ್ಲ, ಮಗಳಿಗೆ ಸ್ಟ್ಯಾನ್ಮೋರ್‌ನ ಡಾಕ್ಟರ ಸಂಬಂಧ ಬಂದಾಗಲೂ ಅದನ್ನೇ ಹೇಳಿ, ಅವನ ಮನೆಗೆ ತಾನೇ ಮೂರು ಸಲ ಹೋಗಿ ಬಂದಳು.

ನನ್ನ ಯಜಮಾನರು ಸತ್ತ ದಿನ ಬಂದವರೆಲ್ಲ ನನ್ನ ಸುತ್ತ ಕುಳಿತು ಅತ್ತರು. ಬಾಯಮ್ಮ ಅಡುಗೆಮನೆಗೆ ಹೋಗಿ ಇದ್ದ ಪಾತ್ರೆಯನ್ನೆಲ್ಲ ತೊಳೆದಿಟ್ಟಳು. ಹೊರಡುವಾಗ ಹತ್ತಿರ ಬಂದು, “ಸೋಮವಾರ ಬೆಳಿಗ್ಗೆ ಐದಕ್ಕೆ ಶಿಫ್ಟ್. ಬಪ್ಪುದಾರೆ ಬಾ” ಎಂದಳು. ಬರುವುದಾದರೆ ಬಾ ಅಂತ. ನಾನು ಹೋದೆ.

ಇನ್ನು ಅವಳ ಗಂಡ. ಅವರು ಹರೆಯದಲ್ಲಿ ಸರಕಿನ ಹಡಗಿನಲ್ಲಿ ಅಡುಗೆಯವರಾಗಿದ್ದರು. ಆಮೇಲೆ ಇಲ್ಲಿಗೆ ಬಂದು ವಿಮಾನಕ್ಕೆ ಪೆಟ್ಟಿಗೆ ತುಂಬುವ ಕೆಲಸಕ್ಕೆ ಸೇರಿದರು. ಭಾನುವಾರ ಮಧ್ಯಾಹ್ನ ನಮ್ಮ ಕಡೆಯ ಹೋಟೆಲ್ ಕೆಲಸದವರು ನಾಲ್ಕಾರು ಜನ ಅವರ ಮನೆಗೆ ಮೀನು ಸಾರಿಗೆ ಬರುತ್ತಿದ್ದರು, ಪೊರ್ಬುಗಳ ಕಥೆಗೂ ಬರುತ್ತಿದ್ದರು. ಬಾಗಿಲಲ್ಲೇ ಕೇಳುತ್ತಿದ್ದರು, “ಬಾಯಮ್ಮ, ಇವತ್ತ್ ಪೊರ್ಬುಗಳು ಯಾವ ದೇಶದಂಗೆ ಇದ್ರ್?”

“ಅವ್ರ್ ಹೇಳಿದ್ದ್ ಕೇಂಡ್ರೆ ಅಕ್ಕಿ ಬೇವುದಿಲ್ಲ” ಎಂದು ಅವಳು ಒಳಗಿನಿಂದಲೇ ಹೇಳುತ್ತಿದ್ದಳು.

ಅವರ ಕಥೆಯಲ್ಲಿ ದೊಡ್ಡದು ಸಯಾಮಿನದು, ಈಗ ಥಾಯ್ಲೆಂಡ್ ಎನ್ನುತ್ತಾರಲ್ಲ, ಅದು. ಅಲ್ಲಿ ಹಡಗು ಕೆಟ್ಟು ಹತ್ತು ದಿನ ನಿಂತಿತಂತೆ. ಇವರು ರೈಲು ಹತ್ತಿ ಹಳೆಯ ರಾಜಧಾನಿ ನೋಡಲು ಹೋದರಂತೆ. ಬರ್ಮಾದವರು ಸುಟ್ಟು ಬಿಟ್ಟುಹೋದ ಊರು. ಇಟ್ಟಿಗೆಯ ಗುಡ್ಡಗಳು, ಅದರ ಮೇಲೆ ಕಾಡು, ನೆಲದಲ್ಲಿ ತೆಂಗಿನಕಾಯಿ ರಾಶಿ ಹಾಕಿದ ಹಾಗೆ ಕಲ್ಲಿನ ತಲೆಗಳು. ಬಯಲಲ್ಲಿ ಮಲಗಿದ ಒಬ್ಬ ಬುದ್ಧ, ಒಂದು ಕೇರಿಯಷ್ಟು ಉದ್ದ, ಅವನ ಪಕ್ಕೆಯಲ್ಲಿ ದನ ಮೇಯುತ್ತಿದ್ದವಂತೆ. ಅವನ ಪಾದದ ನೆರಳಲ್ಲಿ ಇವರು ಮಧ್ಯಾಹ್ನ ನಿದ್ದೆ ಮಾಡಿದರಂತೆ. ಎದ್ದು ನೋಡಿದರೆ ಆ ಪಾದದ ಐದು ಬೆರಳೂ ಒಂದೇ ಉದ್ದ.

ಕಾಡು ನಂಬಿದರು, ತಲೆ ನಂಬಿದರು, ದನವನ್ನೂ ನಂಬಿದರು. ಬೆರಳನ್ನು ಯಾರೂ ನಂಬಲಿಲ್ಲ. ಐದು ಬೆರಳು ಸಮ ಇರುವುದಿಲ್ಲ ಎಂದು ಚಿಕ್ಕ ಮಕ್ಕಳಿಗೂ ಗೊತ್ತು. ಪೊರ್ಬುಗಳು ಆಣೆ ಹಾಕಿದಷ್ಟೂ ಇವರು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಬಾಯಮ್ಮ. ಯಾರು ಏನು ಸುಳ್ಳು ಹೇಳಿದರೂ “ಅದ್ ಸಮಬೆರಳ್” ಎನ್ನುವುದನ್ನು ಶುರು ಮಾಡಿದವಳೂ ಅವಳೇ. ಆ ಮಾತು ಫೆಲ್ಥಮ್‌ನಲ್ಲಿ ನಮ್ಮವರ ಬಾಯಲ್ಲೆಲ್ಲ ನಿಂತಿತು.

ಆಮೇಲೆ ಪೊರ್ಬುಗಳಿಗೆ ಸ್ಟ್ರೋಕ್ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಬಾಯಲ್ಲಿ ಒಂದೇ ಮಾತು ಉಳಿಯಿತು, ಕೊಂಕಣಿಯ ‘ವ್ಹಯ್’, ಹೌದು ಅಂತ. ಚಾ ಬೇಕಾ ಎಂದರೆ ವ್ಹಯ್, ಬೇಡವಾ ಎಂದರೂ ವ್ಹಯ್. ಬಾಯಮ್ಮ ಅವರ ಕಣ್ಣು ನೋಡಿ ಬೇಕೋ ಬೇಡವೋ ತಿಳಿದುಕೊಳ್ಳುತ್ತಿದ್ದಳು. ಒಂಬತ್ತು ವರ್ಷ ಹಾಗೆ ನಡೆಯಿತು. ಭಾನುವಾರದವರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ತಪ್ಪೇನಿಲ್ಲ, ಅವರಿಗೂ ಹೆಂಡತಿ ಮಕ್ಕಳು.

ಒಂದು ದಿನ ಅಂಗಡಿಯಲ್ಲಿ ಅಕ್ಕಿ ತೆಗೆದುಕೊಳ್ಳುತ್ತಿದ್ದೆವು. ಪಕ್ಕದಲ್ಲಿ ಗುರುತಿಲ್ಲದ ಯಾರೋ ಇನ್ನೊಬ್ಬರಿಗೆ, ಬಿಡು ಮಾರಾಯ, ಅವನದ್ದೆಲ್ಲ ಸಮಬೆರಳು ಎಂದರು. ಆ ಮಾತು ಎಲ್ಲಿಂದ ಬಂತು ಎಂದು ಅವರಿಗೂ ಗೊತ್ತಿರಲಿಕ್ಕಿಲ್ಲ. ಬಾಯಮ್ಮ ಅಕ್ಕಿಯ ಚೀಲ ಕೆಳಗಿಟ್ಟು ಅವರ ಕಡೆ ತಿರುಗಿ ನೋಡಿದಳು. ಅದೇ ವಾರ ವಿಮಾನದ ಚೀಲದಲ್ಲಿ ಸಿಕ್ಕ ಪುಸ್ತಕದಲ್ಲಿ ಮಲಗಿದ ಬುದ್ಧನ ಪಟ ಇತ್ತು. ಮುಖ, ಭುಜ, ಸೊಂಟದವರೆಗೆ. ಅಲ್ಲಿಗೆ ಪುಟ ಮುಗಿದಿತ್ತು. ಅವಳು ಆ ಪುಟ ಹರಿದು ಅಂಗಿಯೊಳಗೆ ಇಟ್ಟುಕೊಂಡಳು.

“ನಾ ಹೋಯ್ ಕಂಡ್ಕಂಡ್ ಬತ್ತೆ” ಎಂದಳು.

ಹುಚ್ಚು ಹಿಡಿದಿದೆಯಾ ಎಂದು ಕೇಳಿದೆ.

“ಇಷ್ಟ್ ವರ್ಷ ನಾಲ್ಕ್ ಜನರ ಎದ್ರ್ ಸುಳ್ಳ ಅಂದೆ. ನಿಜ ಆದ್ರೆ ನಾಲ್ಕ್ ಜನರ ಎದ್ರೇ ಹೇಳ್ಕ್, ಅವ್ರಿಗೆ ಕೇಂಬಂಗೆ. ಅವ್ರ್ ಇಪ್ಪತಿಗೆ.” ಅವರು ಬದುಕಿರುವಾಗಲೇ ಹೇಳಬೇಕು ಅಂತ. ಅವಳಿಗೆ ಬೇಕಾದದ್ದು ಅಷ್ಟೇ.

ನಮಗೆ ಕಂಪನಿಯಿಂದ ಸ್ಟ್ಯಾಂಡ್‌ಬೈ ಟಿಕೆಟು ಸಿಗುತ್ತಿತ್ತು. ಕಾಸು ಕಡಿಮೆ, ಆದರೆ ದುಡ್ಡು ಕೊಟ್ಟವರೆಲ್ಲ ಹತ್ತಿದ ಮೇಲೆ ಸೀಟು ಉಳಿದರೆ ಮಾತ್ರ ನಮಗೆ. ಉಳಿಯದಿದ್ದರೆ ಮರುದಿನ ಮತ್ತೆ ಹೋಗಿ ಕಾಯಬೇಕು. ಕರೆಯುವುದು ಕೆಲಸಕ್ಕೆ ಸೇರಿದ ತಾರೀಖಿನ ಪ್ರಕಾರ, ಮೊದಲು ಸೇರಿದವರು ಮೊದಲು. ನಾವೆಲ್ಲ ಮದುವೆಗೂ ಸತ್ತವರ ಬೊಜ್ಜಕ್ಕೂ ಹಾಗೇ ಊರಿಗೆ ಹೋಗಿ ಬರುತ್ತಿದ್ದೆವು. ನೌಕರಿ ಬಿಟ್ಟರೆ ಅವಳಿಗೆ ಅದೂ ಇಲ್ಲ. ಮಗಳು ಒಂದು ವಾರ ರಜೆ ಹಾಕಿ ಅಪ್ಪನ ಹತ್ತಿರ ಇರುತ್ತೇನೆ ಎಂದಳು. ಒಬ್ಬಳೇ ಹೋಗುವುದು ಬೇಡ ಎಂದು ನಾನೂ ಹೊರಟೆ.

ಹೋಗುವಾಗ ಸೀಟು ಸುಲಭವಾಗಿ ಸಿಕ್ಕಿತು. ಬ್ಯಾಂಕಾಕಿನಲ್ಲಿ ರೈಲ್ವೆ ಸ್ಟೇಷನ್ ಹತ್ತಿರ ರೂಮು ಮಾಡಿದೆವು. ಮೊದಲ ದಿನದ ಊಟವೇ ಬಾಯಮ್ಮನ ಹೊಟ್ಟೆಗೆ ಆಗಲಿಲ್ಲ. ಎರಡು ದಿನ ಮಲಗಿದಲ್ಲೇ. ಗುರುವಾರ ಬೆಳಿಗ್ಗೆ ಎದ್ದು ಮಗಳಿಗೆ ಫೋನು ಮಾಡಿದಳು. ಅಪ್ಪನಿಗೆ ಸ್ವಲ್ಪ ಕೆಮ್ಮು ಎಂದು ಮಗಳು ಹೇಳಿದಳು. ಅವತ್ತಿನ ವಿಮಾನದಲ್ಲಿ ಹದಿನಾಲ್ಕು ಸೀಟು ಖಾಲಿ ಇತ್ತು, ಶುಕ್ರವಾರದ್ದರಲ್ಲಿ ಹನ್ನೊಂದು. ಆ ಲೆಕ್ಕವನ್ನು ಕಂಪನಿಯವರೇ ಹೇಳಿದ್ದರು.

“ಹೋಪ ಮನಿಗೆ” ಎಂದಳು ಬಾಯಮ್ಮ. “ಅವ್ರಿಗೆ ಕೆಮ್ಮು ಅಂಬ್ರ್.”

“ಮತ್ತೆ ಬಂದದ್ದ್ ಎಂತಕ್ಕೆ?” ಎಂದೆ ನಾನು. “ಇವತ್ತ್ ಕಾಂಬ, ನಾಳೆ ಹೋಪ. ಹನ್ನೊಂದ್ ಸೀಟ್ ಇತ್ತಲ್ದಾ?”

ಹೇಳಿದವಳು ನಾನು. ಅವಳಲ್ಲ.

ರೈಲಿನಲ್ಲಿ ಎರಡು ಗಂಟೆ. ಊರಿನ ಹೆಸರು ಅಯುತ್ತಯ. ನಮ್ಮ ಅಯೋಧ್ಯೆಯ ಹೆಸರನ್ನೇ ಇಟ್ಟದ್ದಂತೆ. ಇಳಿದು ಮೂರು ಗಾಲಿಯ ಗಾಡಿ ಹಿಡಿದೆವು. ಪೊರ್ಬುಗಳು ಹೇಳಿದ್ದು ಒಂದೂ ಅಲ್ಲಿ ಇರಲಿಲ್ಲ. ಕಾಡು ಇಲ್ಲ, ಅಂಚು ಕತ್ತರಿಸಿದ ಹುಲ್ಲು. ಗುಡ್ಡದಂತಿದ್ದ ಇಟ್ಟಿಗೆಯನ್ನೆಲ್ಲ ಎತ್ತಿ ಕಟ್ಟಿ ಗೋಪುರ ಮಾಡಿದ್ದಾರೆ, ಬಿರುಕಿಗೆ ಸಿಮೆಂಟು ಹಾಕಿದ್ದಾರೆ. ಬಾಗಿಲಲ್ಲಿ ಟಿಕೆಟು. ತಲೆಯ ರಾಶಿ ಇಲ್ಲ. ತಲೆ ಇಲ್ಲದ ಬುದ್ಧರು ಗೋಡೆಯ ಉದ್ದಕ್ಕೆ ಸಾಲಾಗಿ ಕುಳಿತಿದ್ದಾರೆ, ವಿಮಾನದಲ್ಲಿ ಜನ ಕುಳಿತ ಹಾಗೆ. ಒಂದು ತಲೆ ಮಾತ್ರ ಮರದ ಬೇರಿನ ಒಳಗೆ ಸಿಕ್ಕಿಕೊಂಡಿದೆ, ಅದರ ಎದುರು ಪಟ ತೆಗೆಯುವವರ ಗುಂಪು. ದನ ಇಲ್ಲವೇ ಇಲ್ಲ.

ಬಾಯಮ್ಮ ಒಂದೊಂದನ್ನೇ ನೋಡಿ ತಲೆ ಅಲ್ಲಾಡಿಸಿದಳು. “ಎಲ್ಲ ಸುಳ್ಳೇ ಕಾಣತ್” ಎಂದಳು.

ತಲೆ ಇಲ್ಲದ ಕೆಲವಕ್ಕೆ ಹಳದಿ ಬಟ್ಟೆ ಉಡಿಸಿ, ಎದುರು ಊದುಬತ್ತಿ ಹಚ್ಚಿದ್ದರು. ನಮ್ಮಲ್ಲಿ ಮುರಿದ ಮೂರ್ತಿಗೆ ಪೂಜೆ ಇಲ್ಲ, ನೀರಿಗೆ ಬಿಡುತ್ತೇವೆ. ಇವರದೆಂಥ ಕ್ರಮ ಎಂದು ನಾನು ಹೇಳಿದೆ.

“ಯಂತಕ್ಕೆ? ತಲಿ ಹೋದ್ರೆ ದೇವ್ರ್ ಅಲ್ದಾ?” ಎಂದಳು ಬಾಯಮ್ಮ. “ಮಾತ್ ಹೋಯ್ತಂದೇಳಿ ನಾ ಗಂಡನ್ನ ನೀರಿಗೆ ಬಿಟ್ಟಿದ್ನಾ?”

ನಾನು ಹೋಗಿ ಗಾಡಿಯವನನ್ನು ಕರೆದೆ.

ಮಲಗಿದ ಬುದ್ಧ ಇದ್ದದ್ದು ಊರಿನ ಇನ್ನೊಂದು ಬದಿಗೆ. ಮೇಲೆ ಚಾವಣಿ ಇಲ್ಲ, ಬಯಲು. ಅದು ನಿಜವಾಗಿಯೂ ಒಂದು ಕೇರಿಯಷ್ಟು ಉದ್ದ ಇತ್ತು. ಬಾಯಮ್ಮ ಮುಖದ ಕಡೆ ನೋಡಲೇ ಇಲ್ಲ, ನೇರ ಕಾಲಿನ ಕಡೆಗೆ ನಡೆದಳು. ಚಪ್ಪಲಿ ಬಿಟ್ಟು, ಕೆಳಗಿನ ಪಾದದ ಹತ್ತಿರ ಹೋಗಿ, ಮಡಚಿದ ಛತ್ರಿಯನ್ನು ಹೆಬ್ಬೆರಳಿಗೆ ಹಿಡಿದಳು. ಬೆರಳು ಮುಗಿಯುವ ಜಾಗಕ್ಕೆ ಉಗುರು ಇಟ್ಟು ಗುರುತು ಮಾಡಿಕೊಂಡಳು. ಆಮೇಲೆ ಎರಡನೆಯದು, ಮೂರನೆಯದು. ತಾವರೆ ಮಾರುವ ಹೆಂಗಸು ಏನೋ ಕೂಗಿದಳು. ಬಾಯಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಐದೂ ಒಂದೇ ಉದ್ದ. ಕಿರುಬೆರಳೂ ಅಷ್ಟೇ, ಹೆಬ್ಬೆರಳೂ ಅಷ್ಟೇ.

ಗಾಡಿಯವನಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಇದು ಹಳೆಯದಾ ಹೊಸದಾ ಎಂದು ಕೇಳಿದೆ. ಒಳಗಿನ ಇಟ್ಟಿಗೆ ಹಳೆಯದು, ಮೇಲಿನ ಗಾರೆ ಹೊಸದು, ಬುದ್ಧನ ಬೆರಳು ಯಾವಾಗಲೂ ಹೀಗೇ ಮಾಡುವುದು ಎಂದ. ಅವನಿಗೆ ಅದರಲ್ಲಿ ಕೇಳುವಂಥದ್ದು ಏನಿದೆ ಎಂದೇ ತಿಳಿಯಲಿಲ್ಲ.

ಬಾಯಮ್ಮ ಛತ್ರಿಯನ್ನು ನನ್ನ ಕೈಗೆ ಕೊಟ್ಟಳು. “ನೀನೂ ಅಳಿ. ನಾಳೆ ಸಾಕ್ಷಿ ಬೇಕ್.”

ನಾನೂ ಅಳೆದೆ. ಆಮೇಲೆ ಅವಳು ಆ ಪಾದದ ನೆರಳಲ್ಲಿ ಹುಲ್ಲಿನ ಮೇಲೆ ಕಾಲು ಚಾಚಿ ಕುಳಿತಳು. ಅವಳು ಹಗಲಲ್ಲಿ ಕುಳಿತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಳಲಿಲ್ಲ, ನಗಲಿಲ್ಲ. ರೈಲಿಗೆ ಹೊತ್ತಾಯಿತು ಎಂದು ನಾನೇ ಎಬ್ಬಿಸಬೇಕಾಯಿತು.

ಶುಕ್ರವಾರ ಸೀರೆ ಉಟ್ಟು, ಬೂಟು ಹಾಕಿ ಹೋಗಿ ನಿಂತೆವು. ಸ್ಟ್ಯಾಂಡ್‌ಬೈಯವರು ನೋಡಲು ಚೆನ್ನಾಗಿರಬೇಕು ಎಂದು ಕಂಪನಿಯ ನಿಯಮ. ಬೇರೆ ಯಾವುದೋ ವಿಮಾನ ಕೆಟ್ಟಿತ್ತು, ಅದರ ಜನರನ್ನೆಲ್ಲ ನಮ್ಮದಕ್ಕೆ ತುಂಬಿದರು. ಹನ್ನೊಂದು ಸೀಟೂ ಹೋಯಿತು. ಬಾಯಮ್ಮ ಅಲ್ಲಿಂದಲೇ ಫೋನು ಮಾಡಿದಳು. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದೇವೆ, ಎದೆಯಲ್ಲಿ ಕಫ ಕಟ್ಟಿದೆ ಎಂದಳು ಮಗಳು. ಬೇರೆ ಕಂಪನಿಯ ಟಿಕೆಟು ಕೇಳಿದೆವು, ಅದರಲ್ಲೂ ಸೀಟು ಇರಲಿಲ್ಲ.

ಶನಿವಾರ ಒಂದು ಸೀಟು ಉಳಿಯಿತು. ಕರೆದದ್ದು ನನ್ನ ಹೆಸರು, ಆ ಎಂಟು ತಿಂಗಳ ದೆಸೆಯಿಂದ. ನನ್ನದನ್ನು ಬಾಯಮ್ಮನಿಗೆ ಕೊಡಿ ಎಂದೆ. ಹಾಗೆ ಕೊಡಲು ಬರುವುದಿಲ್ಲ, ನೀವು ಬಿಟ್ಟರೆ ಪಟ್ಟಿಯಲ್ಲಿ ನಿಮ್ಮ ನಂತರದವರಿಗೆ ಎಂದಳು ಕೌಂಟರಿನವಳು. ನನ್ನ ನಂತರ ಕೋಟು ಹಾಕಿದ ಬಿಳಿಯನೊಬ್ಬನಿದ್ದ. ಬಾಯಮ್ಮ ಅವನ ನಂತರ. ಅವನನ್ನು ಕೇಳಿದೆ. ಅವನು ತನ್ನ ಗಡಿಯಾರ ನೋಡಿಕೊಂಡ.

“ನೀ ಹೋಗ್” ಎಂದಳು ಬಾಯಮ್ಮ. “ನೀನೂ ಅಳ್ದಿದ್ದೆ ಅಲ್ದಾ? ನೀನೇ ಹೇಳ್. ಸೀದಾ ಆಸ್ಪತ್ರೆಗೆ ಹೋಗ್. ನಾಲ್ಕ್ ಜನರ ಎದ್ರ್ ಹೇಳ್.”

ಆಯಿತು ಎಂದೆ.

ಭಾನುವಾರ ಬೆಳಿಗ್ಗೆ ಇಲ್ಲಿ ಇಳಿದೆ. ಕಾಲು ಊದಿತ್ತು. ಮನೆಗೆ ಹೋಗಿ ಸ್ನಾನ ಮಾಡಿ ಮಗಳಿಗೆ ಫೋನು ಮಾಡಿದೆ. ಡ್ಯಾಡ್ ಸ್ವಲ್ಪ ಸುಧಾರಿಸಿದ್ದಾರೆ ಆಂಟಿ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಎರಡರಿಂದ ಐದರವರೆಗೆ ತಾನು ಗಂಡನ ಮನೆಗೆ, ಸ್ಟ್ಯಾನ್ಮೋರ್‌ಗೆ ಹೋಗಿ ಬರುತ್ತೇನೆ, ಆಮೇಲೆ ಎಂಟರವರೆಗೂ ಆಸ್ಪತ್ರೆಯಲ್ಲೇ ಇರುತ್ತೇನೆ ಎಂದಳು. ನನ್ನ ಮಗ ಕಾರಿನಲ್ಲಿ ಬಿಡಲಾ ಎಂದು ಕೇಳಿದ. ಎರಡು ಸಲ ಕೇಳಿದ. ಕುಚ್ಚಲಕ್ಕಿ ಗಂಜಿ ಉಂಡಿದ್ದೆ, ಕಣ್ಣು ಎಳೆಯುತ್ತಿತ್ತು. ಸುಧಾರಿಸಿದ್ದಾರಂತೆ, ನಾಳೆ ಹೋಗುತ್ತೇನೆ ಎಂದೆ. ಮಲಗಿದೆ.

ಇದಕ್ಕೆ ಬೇರೆ ಕಾರಣ ಹುಡುಕಿ ನೋಡಿದ್ದೇನೆ. ಬೇರೆ ಇಲ್ಲ.

ಸೋಮವಾರ ನಾನು ಏಳುವ ಮೊದಲೇ ಪೊರ್ಬುಗಳು ತೀರಿಕೊಂಡಿದ್ದರು. ಬಾಯಮ್ಮನಿಗೆ ಆ ದಿನ ಸೀಟು ಸಿಕ್ಕಿ, ಮಂಗಳವಾರ ಬಂದು ಇಳಿದಳು. ಮಧ್ಯಾಹ್ನ ಅವಳ ಮನೆಗೆ ಹೋದೆ. ಮಗಳು ಯಾರ ಹತ್ತಿರವೋ ಫೋನಿನಲ್ಲಿ ಮಾತಾಡುತ್ತಿದ್ದಳು. ಬಾಯಮ್ಮ ಅಡುಗೆಮನೆಯಲ್ಲಿ, ಬಂದವರು ಚಾ ಕುಡಿದ ಕಪ್ಪು ತೊಳೆಯುತ್ತ ನಿಂತಿದ್ದಳು. ಪ್ರಯಾಣದ ಸೀರೆ ಇನ್ನೂ ಬದಲಾಯಿಸಿರಲಿಲ್ಲ. ತಿರುಗಿ ನೋಡದೆ ಕೇಳಿದಳು.

“ಹೇಳ್ದ್ಯಾ?”

“ಹೇಳ್ದೆ.”

“ಮಗಳ್ ನೀ ಬರ್ಲಿಲ್ಲ ಅಂದಳ್.”

“ಅವಳ್ ಸ್ಟ್ಯಾನ್ಮೋರಿಗೆ ಹೋದತಿಗೆ ಬಂದಿದ್ದೆ. ಭಾನುವಾರ ಮೂರ್ ಗಂಟಿಗೆ.”

ಒಂದು ಸುಳ್ಳು ಹೇಳಿದರೆ ಅದಕ್ಕೆ ಮಂಚ, ಕುರ್ಚಿ, ಜನ ಎಲ್ಲ ಬೇಕಾಗುತ್ತದೆ. ಪಕ್ಕದ ಮಂಚದವರು ಇಬ್ಬರಿದ್ದರು, ನರ್ಸ್ ಇದ್ದಳು, ಅವರ ಎದುರೇ ಹೇಳಿದೆ ಎಂದೆ. ಏನಂದರು ಎಂದು ಕೇಳಿದಳು. ವ್ಹಯ್ ಅಂದರು ಎಂದೆ. ಅದೊಂದನ್ನು ಹೇಳುವುದು ಸುಲಭವಿತ್ತು. ಅವರು ಬೇರೆ ಏನನ್ನೂ ಹೇಳುವವರಲ್ಲವಲ್ಲ.

“ಕಣ್ಣ್ ಹೆಂಗಿತ್ತ್?”

ಅದನ್ನು ನಾನು ಯೋಚಿಸಿ ಇಟ್ಟುಕೊಂಡಿರಲಿಲ್ಲ. “ನಿಂಗೆ ಗೊತ್ತಿತ್ತಲೆ” ಎಂದೆ, ಗೊತ್ತಿದೆಯಲ್ಲ ಅಂತ.

ಅವಳು ಕಪ್ಪುಗಳನ್ನು ಒಂದೊಂದಾಗಿ ಒರೆಸಿ ಒಳಗಿಟ್ಟಳು. “ಅಷ್ಟ್ ಸಾಕ್” ಎಂದಳು.

ಆಮೇಲೆ ಹದಿನಾಲ್ಕು ವರ್ಷ ಅವಳು ಅದನ್ನು ಎಲ್ಲರಿಗೂ ಹೇಳಿದಳು. ಹಳೆಯ ಭಾನುವಾರದವರನ್ನು ಊಟಕ್ಕೆ ಕರೆದು ಹೇಳಿದಳು, ಪಾದ್ರಿಗಳಿಗೆ ಹೇಳಿದಳು, ತನ್ನ ಜಿಪಿ ಡಾಕ್ಟರಿಗೂ ಹೇಳಿದಳು. ಐದೂ ಸಮ, ನಾನೇ ಅಳೆದೆ, ಅವರು ಕೇಳಿಕೊಂಡೇ ಹೋದರು. ಹೇಳಿ ನನ್ನ ಕಡೆ ನೋಡುತ್ತಿದ್ದಳು. ನಾನು ಹೌದು ಎನ್ನುತ್ತಿದ್ದೆ. ಅವಳಿಗೆ ಗೊತ್ತಿತ್ತೋ ಇಲ್ಲವೋ, ಈಗ ಕೇಳುವ ಹಾಗಿಲ್ಲ. ಮಾಡಿದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ಅದಕ್ಕಾಗಿ ಅಳು ಬಂದದ್ದೂ ಇಲ್ಲ. ಅವಳಿರುವಾಗ ಹೇಳಲಿಲ್ಲ, ಈಗ ಬರೆದಿದ್ದೇನೆ. ಮಗಳಿಗೆ ಕನ್ನಡ ಓದಲು ಬರುವುದಿಲ್ಲ.

ಆ ಸುಳ್ಳು ಹೇಳಿದ ಮರುದಿನ ಬೆಳಿಗ್ಗೆ ನಾನು ಎಂಟೂವರೆಗೇ ಮನೆ ಬಿಟ್ಟೆ. ಈ ದೇಶದಲ್ಲಿ ಹೆಣವನ್ನು ಹತ್ತು ಹನ್ನೆರಡು ದಿನ ಇಡುತ್ತಾರೆ, ಅದಕ್ಕೆಂದೇ ಅಂಗಡಿ ಇರುತ್ತದೆ. ಬಾಗಿಲು ತೆಗೆಯುವವರೆಗೆ ಹೊರಗೆ ನಿಂತೆ. ಕರಿ ಕೋಟಿನವನು ನೀವು ಯಾರು ಎಂದು ಕೇಳಿದ. ತಂಗಿ ಎಂದೆ. ಅವನು ಒಳಗೆ ಕರೆದುಕೊಂಡು ಹೋಗಿ ಬಾಗಿಲ ಹತ್ತಿರ ಕೈಕಟ್ಟಿ ನಿಂತ. ಪೊರ್ಬುಗಳಿಗೆ ಟೈ ಕಟ್ಟಿದ್ದರು. ನಾಲ್ಕು ಜನ ಇರಲಿ ಎಂದು ಬಾಯಮ್ಮ ಹೇಳಿದ್ದಳು, ಅವನೊಬ್ಬನೇ ಇದ್ದ, ಅವನಿಗೆ ಕನ್ನಡ ಬಾರದು. ಆದರೂ ಐದು ಬೆರಳೂ ಸಮ ಎಂದು ಅವನಿಗೂ ಕೇಳುವಷ್ಟು ದೊಡ್ಡದಾಗಿಯೇ ಹೇಳಿದೆ. ಮುಗಿಸಲು ಒಂದು ನಿಮಿಷ ಹಿಡಿಯಲಿಲ್ಲ. ಹೊರಗೆ ಬಂದು ಬಸ್ಸು ಹತ್ತಿ ಹತ್ತೂವರೆಯ ಶಿಫ್ಟಿಗೆ ಹೋದೆ. ಬಾಯಮ್ಮ ರಜೆಯಲ್ಲಿದ್ದಳು, ಅವಳ ಸಾಲುಗಳೂ ನನಗೇ ಬಿದ್ದವು.